ಬೆನ್ನಿನ ಆಪರೇಷನ್ ಆದ ಮೇಲೂ ನೋವು: ಸ್ಕಾರ್ ತೆಗೆಸಿದರೆ ಹೋಗುತ್ತದೆಯೇ?

ಪ್ರಶ್ನೆ: ಸೊಂಟದ ಡಿಸ್ಕ್ ಆಪರೇಷನ್ ಆಗಿ ಒಂದು ವರ್ಷವಾಯಿತು. ಕಾಲಿಗೆ ಇಳಿಯುವ ನೋವು ಮತ್ತೆ ಶುರುವಾಗಿದೆ. ಎಂಆರ್‌ಐ ವರದಿಯಲ್ಲಿ ನರದ ಸುತ್ತ ಸ್ಕಾರ್ ಟಿಶ್ಯೂ (ಗಾಯ ಮಾಯ್ದ ಜಾಗದ ಗಟ್ಟಿ ನಾರು) ಬೆಳೆದಿದೆ ಎಂದಿದೆ. ಇನ್ನೊಂದು ಆಪರೇಷನ್ ಮಾಡಿಸಿ ಅದನ್ನು ತೆಗೆಸಬಹುದೇ?

ಉತ್ತರ: ಬರೀ ಸ್ಕಾರ್ ತೆಗೆಸಲೆಂದೇ ಆದರೆ, ದಯವಿಟ್ಟು ಅವಸರ ಮಾಡಬೇಡಿ. ತೆಗೆದ ಜಾಗದಲ್ಲಿ ಸ್ಕಾರ್ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗಿ. ಅಂಟಿಕೊಂಡ ನರವನ್ನು ಬಿಡಿಸುವಾಗ ಅದರ ಪೊರೆ ಹರಿಯುವ ಅಪಾಯವೂ ಮೊದಲ ಸಲಕ್ಕಿಂತ ಜಾಸ್ತಿ.

ಸ್ಕಾರ್ ಎಂದರೆ ಗಾಯ ಮಾಯ್ದ ಗುರುತು. ಬೆನ್ನಿನ ಆಪರೇಷನ್ ಆದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಳಗೆ ಅದು ಇದ್ದೇ ಇರುತ್ತದೆ, ನೋವೇ ಇಲ್ಲದವರಿಗೂ. ಹಾಗಾಗಿ ವರದಿಯಲ್ಲಿ ಆ ಪದ ಕಂಡಿತೆಂದು ನೋವಿನ ಮೂಲ ಸಿಕ್ಕಿತು ಎನ್ನುವಂತಿಲ್ಲ. ಹಾಗೆಂದು ಅದು ಯಾವಾಗಲೂ ನಿರಪರಾಧಿಯೂ ಅಲ್ಲ. ನೀವು ಮಲಗಿ ಕಾಲನ್ನು ನೇರವಾಗಿ ಮೇಲೆತ್ತಿದಾಗ ಸೊಂಟದ ನರದ ಬೇರು ತನ್ನ ದಾರಿಯಲ್ಲಿ ಕೆಲವು ಮಿಲಿಮೀಟರ್ ಜಾರಬೇಕು. ಸುತ್ತಲಿನ ಮೆತ್ತನೆಯ ಕೊಬ್ಬಿನ ಜಾಗದಲ್ಲಿ ಗಟ್ಟಿ ನಾರು ಬೆಳೆದು ಬೇರನ್ನು ಹಿಡಿದುಕೊಂಡರೆ ಅದು ಜಾರುವುದಿಲ್ಲ, ಎಳೆಯುತ್ತದೆ. ಬಗ್ಗಿದಾಗ, ಕಾಲು ಚಾಚಿದಾಗ ಝುಮ್ಮೆಂದು ಇಳಿಯುವ ನೋವಿಗೆ ಇದೂ ಒಂದು ಕಾರಣ.

ನೋವು ಹೇಗೆ ಬಂತು ಎಂಬುದನ್ನು ಡಾಕ್ಟರಿಗೆ ವಿವರವಾಗಿ ಹೇಳಿ. ಎಷ್ಟೋ ಸಲ ಸ್ಕ್ಯಾನ್‌ಗಿಂತ ಹೆಚ್ಚು ಸುಳಿವು ಅದರಲ್ಲಿರುತ್ತದೆ. ಸ್ಕಾರ್‌ನ ನೋವು ಸಾಮಾನ್ಯವಾಗಿ ಆಪರೇಷನ್ ಆದ ಕೆಲವು ವಾರ, ತಿಂಗಳುಗಳಲ್ಲಿ ನಿಧಾನವಾಗಿ ಏರುತ್ತದೆ. ಚೆನ್ನಾಗಿಯೇ ಇದ್ದು, ಒಂದು ದಿನ ಇದ್ದಕ್ಕಿದ್ದಂತೆ ಹಿಡಿದುಕೊಂಡಿದ್ದರೆ ಡಿಸ್ಕ್ ಮತ್ತೆ ಜಾರಿರಬಹುದು. ಇವೆರಡನ್ನು ಬೇರ್ಪಡಿಸಲು ಗ್ಯಾಡೋಲಿನಿಯಂ ಕಾಂಟ್ರಾಸ್ಟ್ (ಚಿತ್ರದಲ್ಲಿ ವ್ಯತ್ಯಾಸ ಕಾಣಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟು ಎಂಆರ್‌ಐ ಮಾಡುತ್ತಾರೆ: ರಕ್ತನಾಳಗಳಿರುವ ಸ್ಕಾರ್ ಬೆಳ್ಳಗೆ ಹೊಳೆಯುತ್ತದೆ, ಡಿಸ್ಕಿನ ಚೂರು ನಡುವೆ ಕಪ್ಪಾಗಿಯೇ ಉಳಿದು ಅಂಚು ಮಾತ್ರ ಹೊಳೆಯುತ್ತದೆ. ನಿಮ್ಮದು ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್ ಆಗಿದ್ದರೆ, ಕಾಂಟ್ರಾಸ್ಟ್ ಕೊಟ್ಟು ಮತ್ತೆ ಮಾಡಬೇಕೇ ಎಂದು ಡಾಕ್ಟರನ್ನು ಕೇಳಲೇಬೇಕು. ನೋವು ಕಾಲಿಗಿಂತ ಸೊಂಟದಲ್ಲೇ ಹೆಚ್ಚಾಗಿದ್ದರೆ ಬೆನ್ನುಮೂಳೆಯ ಸಣ್ಣ ಕೀಲುಗಳು, ಸೇಕ್ರೋಇಲಿಯಾಕ್ ಕೀಲು (ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು), ಪಕ್ಕದ ಡಿಸ್ಕ್ ಇವನ್ನೂ ನೋಡಬೇಕಾಗುತ್ತದೆ. ಡಿಸ್ಕ್ ಮತ್ತೆ ಜಾರಿದ್ದರೆ ಅಥವಾ ಮೂಳೆ ಅಲುಗಾಡುತ್ತಿದ್ದರೆ ಎರಡನೇ ಆಪರೇಷನ್ನಿಗೆ ಅರ್ಥವಿದೆ.

ಸ್ಕಾರ್‌ನದೇ ನೋವಾದರೂ ದಾರಿ ಮುಚ್ಚಿಲ್ಲ. ನಿತ್ಯ ನಡಿಗೆ, ಫಿಸಿಯೋಥೆರಪಿಸ್ಟ್ ಕಲಿಸುವ ನರ ಜಾರಿಸುವ ವ್ಯಾಯಾಮ, ಗ್ಯಾಬಾಪೆಂಟಿನ್ ಅಥವಾ ಡುಲಾಕ್ಸೆಟಿನ್‌ನಂಥ ನರನೋವಿನ ಮಾತ್ರೆ, ಕೆಲವರಿಗೆ ಎಪಿಡ್ಯೂರಲ್ ಇಂಜೆಕ್ಷನ್ (ಬೆನ್ನುಮೂಳೆಯೊಳಗೆ, ನರದ ಬೇರುಗಳ ಸುತ್ತಲಿನ ಜಾಗಕ್ಕೆ ಕೊಡುವ ಚುಚ್ಚುಮದ್ದು). ಇಂಜೆಕ್ಷನ್ನಿನ ಆರಾಮ ಹೆಚ್ಚಾಗಿ ತಾತ್ಕಾಲಿಕ. ಆ ಅವಧಿಯನ್ನು ವ್ಯಾಯಾಮಕ್ಕೆ ಬಳಸಿಕೊಳ್ಳಿ. ಇವು ಯಾವುವೂ ನಾಟದ ಹಟಮಾರಿ ಕಾಲುನೋವಿಗೆ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ (ಬೆನ್ನುಹುರಿಗೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋವು ತಗ್ಗಿಸುವ ಸಾಧನ) ಇದೆ. ಕಾಯಂ ಆಗಿ ಕೂರಿಸುವ ಮೊದಲು ಸಾಮಾನ್ಯವಾಗಿ ಕೆಲವು ದಿನ ಪ್ರಯೋಗ ಮಾಡಿ ನೋಡುತ್ತಾರೆ.

ಆದರೆ ಮೂತ್ರ ಕಟ್ಟಿದರೆ, ಗುದದ್ವಾರದ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದೆ ಹೋದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ ಮಾತ್ರ ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.