ಕಾಕಾ ಅಳುತ್ತಿಲ್ಲ, ಊಟ ಮಾಡ್ತಿದ್ದಾರೆ

ಕಲಬುರಗಿಯಲ್ಲಿ ಊಟಕ್ಕೆ ಕೂತವರ ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಕೇಳಲ್ಲ, ಹಿಂಡಿ ಖಾರ ಇರಬೇಕು ಅಂದುಕೊಳ್ತಾರೆ ಅಷ್ಟೇ. ನಮ್ಮ ಕಾಕಾ ವಿಷಯದಲ್ಲೂ ಹಾಗೇ ಅಂದುಕೊಂಡಿದ್ದೆವು. ಆದರೆ ನೀರು ಬರುತ್ತಿದ್ದದ್ದು ಎಡಗಣ್ಣಲ್ಲಿ ಮಾತ್ರ. ಹಾಲಲ್ಲಿ ರೊಟ್ಟಿ ಮುರಿದು ತಿಂದರೂ ಬರುತ್ತಿತ್ತು. ಪುಂಡಿಪಲ್ಯ ಮಾಡಿದ ದಿನವಂತೂ ಧಾರಾಕಾರ, ಒಂದು ಕೈಯಲ್ಲಿ ಟವೆಲ್‌ನಿಂದ ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು.

ಗುಟ್ಟು ಇದ್ದದ್ದು ಆ ಪುಂಡಿಯ ಹುಳಿಯಲ್ಲೇ. ಹುಳಿ ತಿಂದರೆ ಜೊಲ್ಲು ಜಾಸ್ತಿ ಬರುತ್ತೆ, ಅಲ್ವಾ? ಕಾಕಾಗೆ ಜೊಲ್ಲಿನ ಅಪ್ಪಣೆ ಕಣ್ಣಿಗೂ ಹೋಗುತ್ತಿತ್ತು.

ಏಳೆಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಅವರ ಎಡ ಮೂಲೆಯಿಂದ ನೀರು ಸೋರಿತ್ತು. ಬಾಯಿ ಸೊಟ್ಟಾಗಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ಡಾಕ್ಟರು ಬೆಲ್ಸ್ ಪಾಲ್ಸಿ ಅಂದರು, ಅಂದರೆ ಮುಖದ ನರ ಸೋತು ಒಂದು ಪಕ್ಕ ಆಡದಂತಾಗುವುದು. ಮುಖದ ನರ ಕಿವಿಯ ಹತ್ತಿರ ಮೂಳೆಯ ಇಕ್ಕಟ್ಟಾದ ಸುರಂಗದಲ್ಲಿ ಹಾದು ಬರುತ್ತೆ. ಅಲ್ಲಿ ಅದು ಊದಿಕೊಂಡರೆ ಹಿಗ್ಗೋಕೆ ಜಾಗ ಇಲ್ಲ, ತಾನೇ ಹಿಸುಕಿಕೊಳ್ಳುತ್ತೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ವಾಸಿಯಾಗುತ್ತೆ. ಕೆಲವರಿಗೆ ಮಾತ್ರ ಒಳಗಿನ ಎಳೆಗಳೇ ಸಾಯುತ್ತವೆ.

ನರ ಅಂದರೆ ಒಂದೇ ತಂತಿ ಅಲ್ಲ, ಸಾವಿರಾರು ಎಳೆಗಳ ಕಟ್ಟು. ಎಳೆ ತುಂಡಾದರೆ ಅದರ ಆಚೆಗಿನ ಭಾಗ ಕರಗಿಹೋಗುತ್ತೆ, ಇದನ್ನು ವಾಲರ್ ಅನ್ನುವವರು 1850ರಲ್ಲೇ ಕಪ್ಪೆಯ ನಾಲಿಗೆಯ ನರಗಳಲ್ಲಿ ನೋಡಿದ್ದರು. ಉಳಿದ ತುದಿ ಮತ್ತೆ ಚಿಗುರುತ್ತೆ. ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಮೂರು ಸೆಂಟಿಮೀಟರ್. ಎಳೆಯ ಸುತ್ತ ಹೊದಿಕೆಯಂತಿದ್ದ ಹಳೆಯ ಕೊಳವೆ ಗಟ್ಟಿಯಾಗಿ ಉಳಿದಿದ್ದರೆ ಅದರೊಳಗೇ ನುಸುಳಿ ಸರಿಯಾದ ಜಾಗ ತಲುಪುತ್ತೆ. ಕೊಳವೆಯೂ ಕೆಟ್ಟಿದ್ದರೆ ಪಕ್ಕದ್ದಕ್ಕೆ ನುಗ್ಗುತ್ತೆ. ಕೂರಿಗೆಯ ಕೊಳವೆಗಳು ಅದಲುಬದಲಾದರೆ ತೊಗರಿ ಹೋಗಿ ಜೋಳದ ಸಾಲಿಗೆ ಬೀಳುತ್ತಲ್ಲ, ಹಾಗೆ. ಬೀಜ ಚೆನ್ನಾಗೇ ಇದೆ, ಮೊಳಕೆಯೂ ಬಂತು, ಸಾಲು ಮಾತ್ರ ಬೇರೆ. ಕಾಕಾಗೆ ಜೊಲ್ಲಿನ ಗ್ರಂಥಿಗೆ ಹೋಗಬೇಕಿದ್ದ ಎಳೆಗಳು ಕಣ್ಣೀರಿನ ಗ್ರಂಥಿ ಸೇರಿದ್ದವು. ಮಿದುಳಿಗೆ ಇದು ಗೊತ್ತಿಲ್ಲ, ಅದು ಪಾಪ ಹಳೇ ಲೆಕ್ಕದಲ್ಲೇ ಅಪ್ಪಣೆ ಕಳಿಸುತ್ತೆ.

1928ರಲ್ಲಿ ಬೊಗೊರಾದ್ ಅನ್ನುವ ರಷ್ಯಾದ ವೈದ್ಯರು ಇದಕ್ಕೆ ಇಟ್ಟ ಹೆಸರು ಮೊಸಳೆ ಕಣ್ಣೀರು. ಸ್ವಲ್ಪ ಅನ್ಯಾಯದ ಹೆಸರೇ, ಇಲ್ಲಿ ನಾಟಕ ಎಲ್ಲಿದೆ? ಇದರ ಸೋದರ ಸಂಬಂಧಿಯೂ ಒಂದಿದೆ: ಕಿವಿ ಮುಂದಿನ ಜೊಲ್ಲಿನ ಗ್ರಂಥಿಗೆ ಪೆಟ್ಟಾದವರಿಗೆ, ಆಪರೇಷನ್ ಆದವರಿಗೆ ಊಟದ ಹೊತ್ತಿಗೆ ಕೆನ್ನೆ ಬೆವರುತ್ತೆ. ಪೋಲೆಂಡಿನ ನರವೈದ್ಯೆ ಫ್ರೆ 1923ರಲ್ಲಿ ಅದನ್ನು ವಿವರಿಸಿದರು.

ಕಾಕಾ ನಕ್ಕರೆ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತೆ, ಕಣ್ಣು ಹೊಡೆದ ಹಾಗೆ. ತುಟಿಗೆ ಹೋಗಬೇಕಾದ ಎಳೆ ರೆಪ್ಪೆಗೆ ಹೋದರೆ ಹೀಗೇ. ಕನ್ನಡಿ ಮುಂದೆ ಕೂತು ಮೆಲ್ಲಗೆ, ಒಂದೊಂದೇ ಸ್ನಾಯುವನ್ನು ಬೇರೆ ಮಾಡಿ ಆಡಿಸುವ ಅಭ್ಯಾಸದಿಂದ ಇದು ಸ್ವಲ್ಪ ಹತೋಟಿಗೆ ಬರುತ್ತೆ. ಕಣ್ಣೀರಿಗಾದರೆ ಗ್ರಂಥಿಗೇ ಬೊಟಾಕ್ಸ್ ಚುಚ್ಚುತ್ತಾರೆ, ಕೆಲವು ತಿಂಗಳು ನಿಲ್ಲುತ್ತೆ, ಆಮೇಲೆ ಮತ್ತೆ ಚುಚ್ಚಬೇಕು. ಕಾಕಾ ಕನ್ನಡಿಗೆ ಒಪ್ಪಿದರು, ಸೂಜಿಗೆ ಒಪ್ಪಲಿಲ್ಲ.

ಮೊನ್ನೆ ಬಂದಿದ್ದ ಬೀಗರು ಗಾಬರಿಯಾಗಿ, "ಯಾಕ್ರಿ, ಖಾರ ಭಾಳ ಆಯ್ತೇನ್ರಿ?" ಅಂದರು.

"ಇಲ್ರಿ, ಪುಂಡಿಪಲ್ಯ ನೋಡಿ ಎಲ್ಲಾರಿಗಿ ಬಾಯಾಗ ನೀರ್ ಬರ್ತದ, ನನಗ ಕಣ್ಣಾಗ ಬರ್ಲತ್ತದ," ಅಂದು ಕಾಕಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.