ಹಾಪ್ಸ್ ಜೋರಾಗಿರುವ ಪೇಲ್ ಏಲ್: ಒಲೆ ಆರಿಸಿದ ಮೇಲಿನ ಇಪ್ಪತ್ತು ನಿಮಿಷ

ಇದು ತಿಳಿ ಬಣ್ಣದ, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಬಳ್ಳಿಯ ಹೂವು) ಮುಂದಿರುವ ಬಿಯರ್, ಅಂದರೆ 20 ಲೀಟರ್ ಅಮೆರಿಕನ್ ಪೇಲ್ ಏಲ್‌ನ ಲೆಕ್ಕ. ಒಂದೇ ದೊಡ್ಡ ಪಾತ್ರೆ, ಅದರೊಳಗೆ ಬಟ್ಟೆ ಚೀಲ, ಚೀಲದಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ). ಕಿಟ್ ಬಿಯರ್ (ಸಿದ್ಧ ಮಾಲ್ಟ್ ಪಾಕದಿಂದ ಮಾಡುವುದು) ಒಂದೆರಡು ಸಲ ಮಾಡಿದವರಿಗೆ ಬರೆದದ್ದಾದ್ದರಿಂದ ಸ್ಯಾನಿಟೈಸರ್, ಹೈಡ್ರೋಮೀಟರ್ ಬಳಕೆ ಇತ್ಯಾದಿ ಬಿಟ್ಟಿದ್ದೇನೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಂತೆ ಅಮೆರಿಕದಲ್ಲಿ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ರಜೆಗೆ ಊರಿಗೆ ಹೋದಾಗ ಅಲ್ಲೂ ಒಂದು ಕೈ ನೋಡೋಣ ಅನ್ನುವವರಿಗೆ: ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ.

ಸಾಮಾನು

ಪೇಲ್ ಮಾಲ್ಟ್ 4.2 ಕೆಜಿ, ಮ್ಯೂನಿಕ್ ಮಾಲ್ಟ್ 300 ಗ್ರಾಂ, ಕ್ರಿಸ್ಟಲ್ 40 ಮಾಲ್ಟ್ 250 ಗ್ರಾಂ. ಕ್ರಿಸ್ಟಲ್ ಇದಕ್ಕಿಂತ ಹೆಚ್ಚಾದರೆ ಸಿಹಿ ಹಾಪ್ಸ್‌ಗೆ ಅಡ್ಡ ನಿಲ್ಲುತ್ತದೆ. ಯೀಸ್ಟ್ ಯುಎಸ್-05, 11.5 ಗ್ರಾಂನ ಒಂದು ಪ್ಯಾಕೆಟ್.

ಹಾಪ್ಸ್ ಎಲ್ಲವೂ ಪೆಲೆಟ್ (ಒತ್ತಿದ ಗುಳಿಗೆ); ಆಲ್ಫಾ ಅಂದರೆ ಅದರಲ್ಲಿ ಕಹಿಗೆ ಮೂಲವಾದ ಆಮ್ಲದ ಪ್ರಮಾಣ: 12% ಆಲ್ಫಾದ ಮ್ಯಾಗ್ನಮ್ 15 ಗ್ರಾಂ 60 ನಿಮಿಷದ ಕುದಿಗೆ, 6% ಆಲ್ಫಾದ ಕ್ಯಾಸ್ಕೇಡ್ 30 ಗ್ರಾಂ ಕೊನೆಯ 10 ನಿಮಿಷಕ್ಕೆ, ಅದೇ ಕ್ಯಾಸ್ಕೇಡ್ 60 ಗ್ರಾಂ ಒಲೆ ಆರಿಸಿದ ಮೇಲೆ, ಸಿಟ್ರಾ 60 ಗ್ರಾಂ ಕುದಿಸದೆ ಹುದುಗುವ ಬಿಯರಿಗೇ ಹಾಕುವ ಡ್ರೈ ಹಾಪ್‌ಗೆ. ಕ್ಯಾಸ್ಕೇಡ್ ಒರೆಗಾನ್‌ನ ಸರ್ಕಾರಿ ತಳಿ ಕಾರ್ಯಕ್ರಮದಿಂದ 1972ರಲ್ಲಿ ಬಿಡುಗಡೆಯಾದ ಹಾಪ್ಸ್. ಸಿಯೆರಾ ನೆವಾಡಾ ಬ್ರೂವರಿಯವರ ಪೇಲ್ ಏಲ್ ಕುಡಿದವರಿಗೆ ಆ ಚಕ್ಕೋತದ ಸಿಪ್ಪೆಯ ಘಮ ಪರಿಚಯವಿರುತ್ತದೆ.

ನೀರು, ಮಾಲ್ಟ್ ನೆನೆಸುವುದು

ಮೊದಲಿಗೆ 28.5 ಲೀಟರ್ ಆರ್‌ಒ ನೀರು. ಮಾಲ್ಟ್ ಸುಮಾರು 3 ಲೀಟರ್ ಹೀರುತ್ತದೆ, ಒಂದು ಗಂಟೆಯ ಕುದಿಯಲ್ಲಿ ಮೂರೂವರೆ ಆವಿಯಾಗುತ್ತದೆ, ತಳದ ಗಸಿಯಲ್ಲಿ 2 ಉಳಿಯುತ್ತದೆ. ನಲ್ಲಿ ನೀರೇ ಆದರೆ ಕ್ಲೋರಿನ್ ತೆಗೆಯುವ ಕ್ಯಾಂಪ್ಡನ್ ಮಾತ್ರೆ ಅರ್ಧ ಪುಡಿ ಮಾಡಿ ಹಾಕಿ. ಸ್ಯಾನ್ ಫ್ರಾನ್ಸಿಸ್ಕೋದಂಥ ಕಡೆ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಅದು ಕುದಿಸಿದರೆ ಸುಲಭವಾಗಿ ಹೋಗುವುದಿಲ್ಲ, ಬಿಯರ್‌ಗೆ ಆಸ್ಪತ್ರೆ ವಾಸನೆ ಹತ್ತುತ್ತದೆ.

ಆರ್‌ಒ ನೀರಿಗೆ ಜಿಪ್ಸಮ್ 6 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 2 ಗ್ರಾಂ. ಲೀಟರಿಗೆ ಸಲ್ಫೇಟ್ ಸುಮಾರು 117 ಮಿಲಿಗ್ರಾಂ, ಕ್ಲೋರೈಡ್ 34 ಬರುತ್ತದೆ. ಸಲ್ಫೇಟ್ ಮೇಲಿದ್ದರೆ ಕಹಿ ಚುರುಕಾಗಿ, ಒಣಗಿದಂತೆ ಮುಗಿಯುತ್ತದೆ. ನೀರು 70 °ಸೆ ಆದಾಗ ಮಾಲ್ಟ್ ಸುರಿದರೆ 66–67ಕ್ಕೆ ಇಳಿದು ನಿಲ್ಲುತ್ತದೆ. ಗಂಟು ಒಡೆದು 60 ನಿಮಿಷ ಬಿಡಿ. ಪಿಎಚ್ 5.3–5.4 ಬೇಕು, ಹೆಚ್ಚಿದ್ದರೆ ಲ್ಯಾಕ್ಟಿಕ್ ಆಮ್ಲ 2 ಮಿಲಿಯಿಂದ ಶುರು ಮಾಡಿ ಮತ್ತೆ ಅಳೆಯಿರಿ. ಚೀಲ ಎತ್ತಿ ಹಿಂಡಿದ ಮೇಲೆ ಪಾತ್ರೆಯಲ್ಲಿ 25.5 ಲೀಟರ್, ಸಾಂದ್ರತೆ (ನೀರಿನದು 1.000) 1.043 ಇರಬೇಕು. ಕಡಿಮೆ ಬಂದರೆ ಮೊದಲ ಅನುಮಾನ ಮಾಲ್ಟ್ ಒಡೆದದ್ದು ಸಾಲಲಿಲ್ಲ ಅನ್ನುವುದರ ಮೇಲಿರಲಿ.

ಕಹಿಯ ಲೆಕ್ಕ (ಇಲ್ಲೇ ಎಲ್ಲರೂ ಎಡವುವುದು)

ಹಾಪ್ಸ್‌ನ ಆಲ್ಫಾ ಆಮ್ಲ ಹಾಗೆಯೇ ಕಹಿ ಕೊಡುವುದಿಲ್ಲ. ಬಿಸಿಯಲ್ಲಿ ಅದರ ಅಣುವಿನ ಜೋಡಣೆ ಬದಲಾಗಿ ಐಸೋ ಆಲ್ಫಾ ಆಮ್ಲವಾಗಬೇಕು, ಅದಕ್ಕೆ ಸಮಯ ಬೇಕು. ಕಹಿ ಅಂದಾಜಿಸುವ ಟಿನ್ಸೆತ್ ಸೂತ್ರವನ್ನು 1.050 ಸಾಂದ್ರತೆಗೆ ಬಿಡಿಸಿದರೆ ಬಳಕೆಯ (ಆಲ್ಫಾದಲ್ಲಿ ಕಹಿಯಾಗಿ ಸೇರುವ ಪಾಲಿನ) ಪ್ರಮಾಣ ಹೀಗೆ: 60 ನಿಮಿಷಕ್ಕೆ 23%, 20ಕ್ಕೆ 14%, 10ಕ್ಕೆ 8.4%, 5ಕ್ಕೆ 4.6%. ಈ ನಾಲ್ಕು ಅಂಕಿ ಪಾತ್ರೆ ಪಕ್ಕದ ಗೋಡೆಗೆ ಅಂಟಿಸಿಟ್ಟರೆ ಆ್ಯಪ್ ಬೇಕಾಗುವುದಿಲ್ಲ.

ಐಬಿಯು (ಬಿಯರಿನ ಕಹಿಯ ಅಳತೆ) = ಗ್ರಾಂ × ಆಲ್ಫಾ × 10 ÷ ಲೀಟರ್ × ಬಳಕೆ

ಲೀಟರ್ ಎಂದರೆ ಕುದಿ ಮುಗಿದಾಗ ಪಾತ್ರೆಯಲ್ಲಿರುವ 22, ಫರ್ಮೆಂಟರ್‌ಗೆ ಹೋಗುವ 20 ಅಲ್ಲ.

ಮ್ಯಾಗ್ನಮ್: 15 × 12 = 180. ಕ್ಯಾಸ್ಕೇಡ್: 30 × 6 = 180. ಎರಡರಲ್ಲೂ ಆಲ್ಫಾ ಒಂದೇ ಮೊತ್ತ, ಲೀಟರಿಗೆ 82 ಮಿಲಿಗ್ರಾಂ. ಆದರೆ 60 ನಿಮಿಷದ್ದು 19 ಐಬಿಯು ಕೊಡುತ್ತದೆ, 10 ನಿಮಿಷದ್ದು 7. ಹೊಸ ಪ್ಯಾಕೆಟ್‌ನಲ್ಲಿ ಮ್ಯಾಗ್ನಮ್ ಆಲ್ಫಾ 13.5% ಇದ್ದರೆ 180ನ್ನು ಅದರಿಂದ ಭಾಗಿಸಿ, 13.3 ಗ್ರಾಂ ತೂಗಿದರೆ ಸಾಕು.

ಇಲ್ಲಿಯವರೆಗೆ ಸಲೀಸು. ಈಗ ಒಲೆ ಆರಿಸಿದ ಮೇಲಿನ 60 ಗ್ರಾಂ. ಎಷ್ಟೋ ಪಾಕವಿಧಿಗಳಲ್ಲಿ ಅದರ ಮುಂದೆ «0 ನಿಮಿಷ» ಎಂದಿರುತ್ತದೆ. 0 ಅಂದರೆ ಕಹಿ ಸೊನ್ನೆ, ಘಮ ಮಾತ್ರ, ಸಾರು ಇಳಿಸಿದ ಮೇಲೆ ಕೊತ್ತಂಬರಿ ಉದುರಿಸಿದ ಹಾಗೆ ಎಂದು ಓದಿಕೊಳ್ಳುತ್ತೇವೆ. ಆದರೆ 22 ಲೀಟರ್ ವರ್ಟ್ (ಹುದುಗುವ ಮುಂಚಿನ ಮಾಲ್ಟ್ ರಸ) ಒಲೆ ಆರಿಸಿದೊಡನೆ ತಣ್ಣಗಾಗುವುದಿಲ್ಲ. ಮುಚ್ಚಳ ಹಾಕಿಟ್ಟರೆ ಬಹಳ ಹೊತ್ತು 95ರ ಆಸುಪಾಸಿನಲ್ಲೇ ಕೂತಿರುತ್ತದೆ. ಆಲ್ಫಾ ಆಮ್ಲಕ್ಕೆ ಒಲೆ ಉರಿಯುತ್ತಿದೆಯೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ತಾಕುವುದು ಉಷ್ಣತೆ ಮಾತ್ರ.

100 °ಸೆಯಲ್ಲಿ ಈ ಪರಿವರ್ತನೆಯ ವೇಗ 1 ಎಂದುಕೊಂಡರೆ 95ರಲ್ಲಿ ಸುಮಾರು 0.65, 90ರಲ್ಲಿ 0.4, 80ರಲ್ಲಿ ಆರನೇ ಒಂದು ಭಾಗ. ಹಾಗಾಗಿ 95ರಲ್ಲಿ ಕಳೆದ 20 ನಿಮಿಷ ಕುದಿಯ 13 ನಿಮಿಷಕ್ಕೆ ಸಮ, 80ರಲ್ಲಿ ಕಳೆದ 20 ನಿಮಿಷ 3 ನಿಮಿಷ ಚಿಲ್ಲರೆಗೆ ಸಮ. ಇದನ್ನು ಸೂತ್ರಕ್ಕೆ ಹಾಕಿದರೆ 60 ಗ್ರಾಂ ಕ್ಯಾಸ್ಕೇಡ್ 95ರಲ್ಲಿ 17 ಐಬಿಯು ಕೊಡುತ್ತದೆ, 80ರಲ್ಲಿ 5.

ಅಷ್ಟಕ್ಕೇ ನಿಲ್ಲುವುದಿಲ್ಲ. ಹತ್ತು ನಿಮಿಷದ ಹಾಪ್ಸ್ ಕೂಡ ಇನ್ನೂ ಪಾತ್ರೆಯಲ್ಲೇ ಇದೆ! ಅದರ ಹತ್ತು ನಿಮಿಷ 95ರಲ್ಲಿ 23 ನಿಮಿಷಕ್ಕೆ ಸಮವಾಗುತ್ತದೆ, 7 ಐಬಿಯು 12 ದಾಟುತ್ತದೆ; 80ರಲ್ಲೂ ಅದು 8.6 ಆಗುತ್ತದೆ. ಒಟ್ಟು ಕೂಡಿದರೆ 80ರ ದಾರಿಯಲ್ಲಿ 33 ಐಬಿಯು, 95ರ ದಾರಿಯಲ್ಲಿ 49. ಸಾಮಾನು ಅವೇ, ತೂಕ ಅದೇ. 1.050ರ ಪೇಲ್ ಏಲ್‌ಗೆ 33 ಹದ. 49 ಶೈಲಿಯ ಮೇಲಿನ ಅಂಚು, ಈ ಹಗುರ ಮಾಲ್ಟ್‌ಗೆ ಭಾರ.

ಆದ್ದರಿಂದ ಒಲೆ ಆರಿಸಿದ ಕೂಡಲೇ ಪಾತ್ರೆಯೊಳಗೆ ಇಳಿಬಿಟ್ಟ ತಾಮ್ರದ ಕೊಳವೆ ಸುರುಳಿಗೆ ತಣ್ಣೀರು ಬಿಟ್ಟು 80ಕ್ಕೆ ಇಳಿಸಿ, ನೀರು ನಿಲ್ಲಿಸಿ, ಆಮೇಲೆ ಹಾಪ್ಸ್ ಹಾಕಿ. ಥರ್ಮಾಮೀಟರ್ ಸುರುಳಿಯ ಪಕ್ಕ ಇದ್ದರೆ 80 ತೋರಿಸುವಾಗ ಪಾತ್ರೆಯ ನಡುವೆ ಇನ್ನೂ ಬಿಸಿ ಹೆಚ್ಚಿರುತ್ತದೆ. ನೀರು ನಿಲ್ಲಿಸಿ, ಚೆನ್ನಾಗಿ ಕದಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಅಂಕಿ ಮೇಲೇರಿದರೆ ಇನ್ನೊಂದಿಷ್ಟು ನೀರು ಬಿಡಿ. ಹಾಪ್ಸ್ ಬಿದ್ದ ಮೇಲೆ 20 ನಿಮಿಷ, ನಡುನಡುವೆ ಕೈಯಾಡಿಸಿ, ಇಲ್ಲದಿದ್ದರೆ ಪೆಲೆಟ್ ಬಿಚ್ಚಿದ ಹಸಿರು ಪುಡಿ ತಳ ಹಿಡಿಯುತ್ತದೆ. ನಂತರ 18 °ಸೆವರೆಗೆ ತಣಿಸಿ.

ಸುರುಳಿ ಇಲ್ಲದೆ ರಾತ್ರಿಯಿಡೀ ತಣಿಸುವವರು 10 ನಿಮಿಷದ ಹಾಪ್ಸ್ ಬಿಟ್ಟು, ಅದನ್ನೂ 80ರ ರಾಶಿಗೆ ಸೇರಿಸುವುದು ಮೇಲು.

ಹುದುಗು

18–19 °ಸೆ, ಯೀಸ್ಟ್ ಮೇಲೆ ಉದುರಿಸಿದರೆ ಸಾಕು. 1.050ರಿಂದ 1.011ರ ಹತ್ತಿರ ಇಳಿಯುತ್ತದೆ, ಆಲ್ಕೋಹಾಲ್ 5.1%.

ಡ್ರೈ ಹಾಪ್

ಹುದುಗು ಪೂರ್ತಿ ಮುಗಿದ ಮೇಲೆ ಎನ್ನುವವರೇ ಹೆಚ್ಚು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದ ಮನೆಯಲ್ಲಿ ನನ್ನ ಮತ ಬೇರೆ: 1.015ಕ್ಕೆ ಬಂದಾಗಲೇ ಸಿಟ್ರಾ ಹಾಕಿ. ಮುಚ್ಚಳ ತೆಗೆದಾಗ ಒಳಹೊಕ್ಕ ಆಮ್ಲಜನಕವನ್ನು ಕೆಲಸದಲ್ಲಿರುವ ಯೀಸ್ಟ್ ತಿಂದುಹಾಕುತ್ತದೆ. ತಡವಾಗಿ ಹಾಕಿದರೆ ಆ ಗಾಳಿ ಅಲ್ಲೇ ಉಳಿದು ಬಿಯರ್ ಕಂದು ತಿರುಗುತ್ತದೆ, ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಮೂರು ದಿನ ಸಾಕು. ವಾರಗಟ್ಟಲೆ ಬಿಟ್ಟರೆ ಹುಲ್ಲಿನ ರುಚಿ.

ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್ ಮುಟ್ಟಲಾರದ ಡೆಕ್ಸ್ಟ್ರಿನ್‌ಗಳನ್ನು ಸಕ್ಕರೆಯಾಗಿ ಒಡೆಯುತ್ತವೆ. ನಿಂತಂತಿದ್ದ ಹುದುಗು ಮತ್ತೆ ಮೆಲ್ಲಗೆ ಶುರುವಾಗಿ 1.011 ಇದ್ದದ್ದು 1.009ಕ್ಕೆ ಜಾರಬಹುದು, ಜೊತೆಗೆ ಡೈಅಸಿಟೈಲ್‌ನ ಬೆಣ್ಣೆ ವಾಸನೆಯೂ ಮರಳಬಹುದು. ಅದು ಬಾಟಲಿಯೊಳಗೆ ನಡೆದರೆ ಬಾಟಲಿ ಸಿಡಿಯಬಹುದು. ಡ್ರೈ ಹಾಪ್ ಆದ ಮೇಲೆ ಎರಡು ದಿನದ ಅಂತರದಲ್ಲಿ ಎರಡು ಸಲ ಅಳೆದು, ಅಂಕಿ ಒಂದೇ ಇದ್ದರೆ ಮಾತ್ರ ಮುಂದಕ್ಕೆ. ಬೆಣ್ಣೆಯ ಅನುಮಾನವಿದ್ದರೆ ಸ್ವಲ್ಪ ಬಿಯರ್‌ ಅನ್ನು ಮುಚ್ಚಿದ ಲೋಟದಲ್ಲಿ 60 °ಸೆ ನೀರಿನಲ್ಲಿ 20 ನಿಮಿಷ ಇಟ್ಟು, ತಣಿಸಿ, ಮೂಸಿ. ಬೆಣ್ಣೆ ಬಂದರೆ ಇನ್ನೆರಡು ಮೂರು ದಿನ 20 °ಸೆಯಲ್ಲೇ ಬಿಡಿ.

ಬಾಟಲಿ

19 ಲೀಟರ್ ಉಳಿದಿದೆ ಎಂದುಕೊಂಡರೆ ಸಾದಾ ಸಕ್ಕರೆ 115 ಗ್ರಾಂ, ನೀರಿನಲ್ಲಿ ಕುದಿಸಿ ತಣಿಸಿದ್ದು. ಇದು 20 °ಸೆ ಬಿಯರ್‌ಗೆ 2.4 ವಾಲ್ಯೂಮ್ (ಬಿಯರಿನ 2.4 ಪಟ್ಟು ಗಾತ್ರದ) ಗ್ಯಾಸ್‌ನ ಲೆಕ್ಕ. ಕೊಳವೆಯ ತುದಿ ತಳಕ್ಕೆ ತಾಗಿರಲಿ, ಮೇಲಿನಿಂದ ಸುರಿಯಬೇಡಿ. 20 °ಸೆಯಲ್ಲಿ ಎರಡು ವಾರ ಇಟ್ಟು, ಒಂದು ತೆರೆದು ನೋಡಿ ಗ್ಯಾಸ್ ಸರಿಯಿದ್ದರೆ ಉಳಿದದ್ದೆಲ್ಲ ಫ್ರಿಜ್‌ಗೆ. ಹೊರಗಿಟ್ಟರೆ ಮೊದಲು ಹೋಗುವುದು ಸಿಟ್ರಾ.