ಪದವೇ ದೈವವಾದಾಗ: ಗ್ರೀಕರ ರಣಶಕ್ತಿಗಳ ಹಿನ್ನೆಲೆ

ಗ್ರೀಕ್ ಭಾಷೆಯಲ್ಲಿ ‘ಫೋಬೋಸ್’ ಎಂದರೆ ಭೀತಿ, ಸೈನಿಕನು ರಣದಿಂದ ಕಾಲ್ತೆಗೆಯುವಂತೆ ಮಾಡುವ ಭೀತಿ. ಯುದ್ಧದೇವತೆ ಅರೀಸನ ಮಗನ ಹೆಸರೂ ಅದೇ. ಪ್ರಾಚೀನ ಗ್ರೀಕ್ ಬರಹದಲ್ಲಿ, ನಮ್ಮ ಕನ್ನಡದಲ್ಲಿರುವಂತೆಯೇ, ಅಂಕಿತನಾಮವನ್ನು ಬೇರ್ಪಡಿಸಿ ತೋರಿಸುವ ದೊಡ್ಡಕ್ಷರದ ಪದ್ಧತಿ ಇರಲಿಲ್ಲವಾದ್ದರಿಂದ, ಒಂದು ಸಾಲಿನಲ್ಲಿ ಬಂದಿರುವುದು ಬರಿಯ ಭಯವೋ ಭಯವೆಂಬ ದೈವವೋ ಎಂಬುದನ್ನು ಎಷ್ಟೋ ಕಡೆ ಓದುಗನೇ ತೀರ್ಮಾನಿಸಬೇಕಾಗುತ್ತದೆ. ಭಯ, ಕಲಹ, ಕೊಲೆಗಳಂಥವನ್ನೇ ದೈವಗಳಾಗಿ ಕಂಡ ಗ್ರೀಕರ ರಣಶಕ್ತಿಗಳೆಲ್ಲ ಹುಟ್ಟಿದ್ದು ಈ ಸಂದಿಗ್ಧದಲ್ಲಿಯೇ ಎಂದು ನನಗನ್ನಿಸುತ್ತದೆ.

ಟ್ರಾಯ್ ಯುದ್ಧದ ಕಥೆಯಾದ ಹೋಮರನ ಮಹಾಕಾವ್ಯ ‘ಇಲಿಯಡ್’ನ 4ನೆಯ ಸರ್ಗದಲ್ಲಿ ಕಲಹದೇವತೆ ಎರಿಸ್ ಮೊದಲು ಗಿಡ್ಡಳಾಗಿದ್ದು, ಬರಬರುತ್ತ ನೆಲದ ಮೇಲೆ ನಡೆಯುತ್ತಲೇ ತಲೆಯನ್ನು ಆಕಾಶಕ್ಕೆ ತಾಗಿಸುವಷ್ಟು ಬೆಳೆಯುತ್ತಾಳೆ. ಜಗಳ ಬೆಳೆಯುವ ಬಗೆಯನ್ನು ಕಂಡವರಿಗೆ ಈ ಚಿತ್ರಕ್ಕೆ ವ್ಯಾಖ್ಯಾನ ಬೇಕಿಲ್ಲ. 18ನೆಯ ಸರ್ಗದಲ್ಲಿ, ಕಾವ್ಯದ ನಾಯಕ ಅಕಿಲೀಸನ ಗುರಾಣಿಯ ಮೇಲಿನ ಚಿತ್ರದಲ್ಲಿ, ಮೃತ್ಯುಶಕ್ತಿ ಕೇರ್ ಕಾಣಿಸಿಕೊಳ್ಳುತ್ತಾಳೆ: ಆಗಷ್ಟೇ ಗಾಯಗೊಂಡವನೊಬ್ಬನನ್ನೂ ಗಾಯವೇ ಆಗದ ಇನ್ನೊಬ್ಬನನ್ನೂ ಹಿಡಿದುಕೊಂಡು, ಸತ್ತವನೊಬ್ಬನನ್ನು ಕಾಲು ಹಿಡಿದು ಎಳೆದೊಯ್ಯುತ್ತಿರುವ ಅವಳ ಹೆಗಲ ಬಟ್ಟೆ ಮನುಷ್ಯರ ರಕ್ತದಿಂದ ಕೆಂಪಾಗಿದೆ.

ಪ್ರಾಚೀನ ಗ್ರೀಕ್ ಕವಿ ಹೆಸಿಯೋಡನು ದೇವತೆಗಳ ಹುಟ್ಟನ್ನು ಹೇಳುವ ‘ಥಿಯಾಗನಿ’ಯಲ್ಲಿ ಇವರಿಗೊಂದು ವಂಶಾವಳಿ ಕೊಟ್ಟನು. ರಾತ್ರಿಯ ಮಗಳು ಎರಿಸ್. ಅವಳ ಮಕ್ಕಳಲ್ಲಿ ಹಿಸ್ಮಿನೈ, ಮಾಖೈ, ಫೋನೊಯ್, ಆಂಡ್ರೊಕ್ಟಾಸಿಯೈ, ಅಂದರೆ ಕಾಳಗಗಳು, ಕದನಗಳು, ಕೊಲೆಗಳು, ನರಹತ್ಯೆಗಳು ಸೇರಿವೆ. ಇವರಿಗೆ ಮುಖವಿಲ್ಲ, ಕಥೆಯಿಲ್ಲ, ಬಹುವಚನದ ಹೆಸರಷ್ಟೇ ಇದೆ. ಆದರೆ ಹಸಿವನ್ನೂ ಸುಳ್ಳು ಮಾತುಗಳನ್ನೂ ಕವಿ ಇವರ ಒಡಹುಟ್ಟುಗಳನ್ನಾಗಿಸಿದ್ದಾನೆ. ಆ ಪಟ್ಟಿಯ ನಿಜವಾದ ಒಳನೋಟ ಅದು.

ಕಾವ್ಯದ ಹೊರಗೆ ಪೂಜೆ ಸಂದದ್ದು ಕೆಲವರಿಗೆ ಮಾತ್ರ. ಸ್ಪಾರ್ಟಾದಲ್ಲಿ ಫೋಬೋಸನಿಗೆ ಗುಡಿಯಿತ್ತೆಂದೂ, ಕ್ರಿ.ಪೂ. 331ರಲ್ಲಿ ಗೌಗಮೇಲಾ ಕದನದ ಮುನ್ನ ಅಲೆಕ್ಸಾಂಡರನು ಅವನಿಗೆ ಬಲಿಯರ್ಪಿಸಿದನೆಂದೂ ಜೀವನಚರಿತ್ರಕಾರ ಪ್ಲೂಟಾರ್ಕ್ ಬರೆದಿದ್ದಾನೆ.

ಅದಕ್ಕೂ ಮೊದಲೇ, ಕ್ರಿ.ಪೂ. 421ರಲ್ಲಿ, ಸ್ಪಾರ್ಟಾದೊಡನೆ ನಡೆದ ಪೆಲೊಪೊನೀಸಿಯನ್ ಯುದ್ಧದಿಂದ ಬಸವಳಿದಿದ್ದ ಅಥೆನ್ಸಿನಲ್ಲಿ, ಹಾಸ್ಯನಾಟಕಕಾರ ಅರಿಸ್ಟೋಫನೀಸನು ‘ಶಾಂತಿ’ ಎಂಬ ನಾಟಕದಲ್ಲಿ ಯುದ್ಧವನ್ನೇ, ಅಂದರೆ ಪೋಲೆಮೋಸನನ್ನು, ರಂಗಕ್ಕೆ ತಂದನು. ಅವನ ಮುಂದೊಂದು ಭಾರಿ ಒರಳು. ಗ್ರೀಕ್ ನಾಡುಗಳನ್ನೇ ಕುಟ್ಟಿಹಾಕುವಂತೆ, ಮೆಗಾರಾದ ಹೆಸರಿನಲ್ಲಿ ಬೆಳ್ಳುಳ್ಳಿ, ಸಿಸಿಲಿಯ ಹೆಸರಿನಲ್ಲಿ ಗಿಣ್ಣು, ಅಥೆನ್ಸಿನ ಸೀಮೆಯಾದ ಅಟಿಕಾದ ಹೆಸರಿನಲ್ಲಿ ಜೇನು ಅದರೊಳಗೆ ಬೀಳುತ್ತವೆ. ಕುಟ್ಟಲು ಒನಕೆಯಿಲ್ಲ. ರಣಗದ್ದಲದ ರೂಪವಾದ ಕುಡೊಯ್ಮೋಸ್ ಅದನ್ನು ತರಲು ಅಥೆನ್ಸಿಗೂ ಸ್ಪಾರ್ಟಾಕ್ಕೂ ಓಡಿ ಬರಿಗೈಯಲ್ಲಿ ಮರಳುತ್ತಾನೆ, ಏಕೆಂದರೆ ಆ ಎರಡು ಒನಕೆಗಳಾಗಿದ್ದ ಯುದ್ಧಪ್ರಿಯರು, ಅಥೆನ್ಸಿನ ನಾಯಕ ಕ್ಲಿಯಾನ್ ಮತ್ತು ಸ್ಪಾರ್ಟಾದ ಸೇನಾನಿ ಬ್ರಾಸಿಡಾಸ್, ಹಿಂದಿನ ವರ್ಷವಷ್ಟೇ ಆಂಫಿಪೊಲಿಸಿನಲ್ಲಿ ಮಡಿದಿದ್ದರು. ಹೊಸ ಒನಕೆಯನ್ನು ತಾನೇ ಮಾಡಿಕೊಳ್ಳಲು ಪೋಲೆಮೋಸ್ ಒಳಗೆ ಹೋಗುತ್ತಾನೆ. ಅವನು ಹೊರಬರುವಷ್ಟರಲ್ಲಿ ರೈತರು ಹಗ್ಗ ಹಾಕಿ, ಗುಹೆಯಲ್ಲಿ ಹೂತಿಟ್ಟಿದ್ದ ಶಾಂತಿದೇವತೆಯನ್ನು ಮೇಲಕ್ಕೆಳೆಯುತ್ತಾರೆ.